ಸವಳು ನೆಲದಲ್ಲಿ ಮೇವಿನ ಬೀಜ ಏಕೆ ಏಳುವುದಿಲ್ಲ?



ಸಂಘದಲ್ಲಿ ಸಾಲ ತೆಗೆದು ಎಮ್ಮೆ ಕಟ್ಟಿದ ಮೇಲೆ ಮೊದಲು ಬೇಕಾದದ್ದು ಹಸಿ ಮೇವು. ಬಿತ್ತಿದ ಬೀಜ ಏಳದಿದ್ದರೆ ಹಾಲು ಕಡಿಮೆ, ಕಂತು ಕಟ್ಟೋದೂ ಕಷ್ಟ. ಆಗ ನಾವು "ಬೀಜವೇ ಖೊಟ್ಟಿ" ಅಂದುಬಿಡುತ್ತೇವೆ. ಆದರೆ ತುಂಗಭದ್ರಾ ಕಾಲುವೆಯ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಎಷ್ಟೋ ಹೊಲಗಳಲ್ಲಿ ತಪ್ಪು ಬೀಜದ್ದಲ್ಲ, ಸವಳಿನದು. ಕಾಲುವೆ ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದಿದ್ದರೆ ಒಳಗಿನ ಉಪ್ಪು ನೀರಿನೊಂದಿಗೆ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ.

ಉಪ್ಪು ಏನು ಮಾಡುತ್ತದೆ?

ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪಿನಲ್ಲಿ ಕಲಸಿಟ್ಟರೆ ಹೋಳು ನೀರು ಬಿಡುತ್ತದಲ್ಲವೇ? ಉಪ್ಪು ನೀರನ್ನು ತನ್ನ ಕಡೆ ಎಳೆಯುತ್ತದೆ. ಮಣ್ಣಿನಲ್ಲೂ ಹಾಗೆಯೇ. ನೆಲ ಹಸಿಯಾಗಿ ಕಂಡರೂ ಬೀಜಕ್ಕೆ ನೀರು ಸಿಗುವುದಿಲ್ಲ. ಮೊಳಕೆ ತಡವಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಬಂದ ಸಸಿಯ ಬೇರು ಗಿಡ್ಡ, ಎಲೆಯ ತುದಿ ಸುಟ್ಟಂತೆ. ಮೆಕ್ಕೆಜೋಳ ಸವಳು ತಡೆಯದು. ಜೋಳ ಸ್ವಲ್ಪ ತಡೆಯುತ್ತದೆ. ಗರಿಕೆ, ರೋಡ್ಸ್ ಹುಲ್ಲು ಬೆಳೆದ ಮೇಲೆ ಚೆನ್ನಾಗಿ ತಡೆಯುತ್ತವೆ, ಆದರೆ ಸಸಿಯಿದ್ದಾಗ ಅವೂ ಎಳೆಗೂಸುಗಳೇ.

ಮನೆಯಲ್ಲೇ ಪರೀಕ್ಷೆ

100 ಬೀಜ ಒದ್ದೆ ಬಟ್ಟೆಯಲ್ಲಿಡಿ. ಇನ್ನು 100 ಬೀಜ ಹೊಲದ ಮೇಲ್ಮಣ್ಣು ತುಂಬಿದ ತಟ್ಟೆಯಲ್ಲಿ ಹಾಕಿ. ಎರಡಕ್ಕೂ ಕುಡಿಯುವ ನೀರನ್ನೇ ಚಿಮುಕಿಸಿ. ಜೋಳಕ್ಕೆ ಒಂದು ವಾರ, ಸಣ್ಣ ಹುಲ್ಲಿನ ಬೀಜಕ್ಕೆ ಎರಡು ವಾರ ಕಾಯಿರಿ. ಎರಡರಲ್ಲೂ ಏಳದಿದ್ದರೆ ಬೀಜ ಕೆಟ್ಟಿದೆ. ಬಟ್ಟೆಯಲ್ಲಿ ಎದ್ದು ಮಣ್ಣಲ್ಲಿ ಏಳದಿದ್ದರೆ ಮಣ್ಣನ್ನು ಪರೀಕ್ಷೆಗೆ ಕೊಡಿ.

ನಾವು ಏನು ಮಾಡಬಹುದು?

* ಮೊದಲು ಬಸಿಗಾಲುವೆ ತೆಗೆಯಿರಿ. ಒಳ್ಳೆ ಮಳೆ ಬಿದ್ದು ಉಪ್ಪು ಕೆಳಗೆ ಇಳಿದ ಮೇಲೆ ಬಿತ್ತಿರಿ.
* ಉಪ್ಪು ಬೋದಿನ ನೆತ್ತಿಗೆ ಏರುತ್ತದೆ. ಬೀಜವನ್ನು ಬೋದಿನ ಪಕ್ಕಕ್ಕೆ, ನೀರು ಹರಿಯುವ ಮಟ್ಟದ ಹತ್ತಿರ ಹಾಕಿ.
* ಕೊಟ್ಟಿಗೆ ಗೊಬ್ಬರ ಹಾಕಿ. ಸಸಿ ಬಲಿಯುವವರೆಗೆ ಮೇಲ್ಮಣ್ಣು ಒಣಗಲು ಬಿಡಬೇಡಿ.
* ಬೀಜದ ಬದಲು ಬೇರು ಬಿಟ್ಟ ತುಂಡು ನೆಟ್ಟರೆ ಮೊಳಕೆಯ ಗಂಡಾಂತರವೇ ಇಲ್ಲ. ತೇವದ ಜಾಗಕ್ಕೆ ಪ್ಯಾರಾ ಹುಲ್ಲು ಒಳ್ಳೆಯದು.
* ಯಾರೋ ಹೇಳಿದರೆಂದು ಜಿಪ್ಸಂ ಸುರಿಯಬೇಡಿ. ಅದು ಬೇಕಾದದ್ದು ಕ್ಷಾರ ಮಣ್ಣಿಗೆ. ರಸಸಾರ 8.5 ದಾಟಿದ್ದರೆ ಎಷ್ಟು ಹಾಕಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಬೀಜಕ್ಕೆ ದುಡ್ಡು ಹಾಕುವ ಮೊದಲು ಒಂದು ತಟ್ಟೆ ಮಣ್ಣನ್ನು ನೋಡೋಣ. ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ತಮ್ಮ ಹೊಲದ ಒಂದು ಹಿಡಿ ಮಣ್ಣು ತನ್ನಿರಿ. ಪರೀಕ್ಷೆಯನ್ನು ಎಲ್ಲರೂ ಕೂಡಿ ಮಾಡೋಣ.