ಮನೆ ಮುಂದೆ ಬಂದ ಅಪ್ಪ ಒಳಗೆ ಯಾಕೆ ಬರ್ತಿರಲಿಲ್ಲ?

ನಾನು ಪಿಯುಸಿ ಓದ್ತಿದ್ದಾಗ ಅಪ್ಪನಿಗೆ 46 ವರ್ಷ. ಆಫೀಸ್‌ನಿಂದ ಬಂದು ಕಾರ್ ನಿಲ್ಲಿಸಿ, ಅರ್ಧ ಗಂಟೆ ಅದರಲ್ಲೇ ಕೂತಿರ್ತಿದ್ರು. ಒಳಗೆ ಬಂದ್ರೆ ಸಣ್ಣದಕ್ಕೂ ಸಿಡುಕು. ಅಮ್ಮನಿಗೆ ತನ್ನ ಮೇಲೇ ಬೇಸರ ಅನ್ನೋ ಅನುಮಾನ. ನನಗೆ ನನ್ನ ಮಾರ್ಕ್ಸೇ ಕಾರಣ ಅನ್ನೋ ಭಯ.

ಇದನ್ನ ಮಿಡ್‌ಲೈಫ್ ಕ್ರೈಸಿಸ್ ಅಂತಾರೆ ಅಂತ ಗೊತ್ತಾಗಿದ್ದು ಆಮೇಲೆ. ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಈ ಪದವನ್ನು ಬಳಕೆಗೆ ತಂದರು. ಮುಂದೆ ಬೇಕಾದಷ್ಟು ಕಾಲ ಇದೆ ಅನ್ನೋ ನಂಬಿಕೆ ಹೋಗಿ, ಉಳಿದಿರೋದು ಎಷ್ಟು ಅನ್ನೋ ಲೆಕ್ಕ ಶುರುವಾಗೋ ಹೊತ್ತು ಅದು. ಇದು ಕಾಯಿಲೆ ಅಲ್ಲ, ಎಲ್ಲರಿಗೂ ಬರೋದೂ ಇಲ್ಲ. ಆದರೆ ಮಕ್ಕಳ ಫೀಸು, ಅಜ್ಜ-ಅಜ್ಜಿಯ ಔಷಧಿ, ಇಎಂಐ ಎಲ್ಲವೂ ಹೆಗಲೇರೋದು ಇದೇ ವಯಸ್ಸಲ್ಲಿ. ಹೇಳಿಕೊಳ್ಳೋಕಾಗದ ಸಂಕಟ ಸಿಟ್ಟಾಗಿ ಹೊರಬರುತ್ತೆ. ಮನೆಯವರು ಅದನ್ನ ತಮ್ಮ ತಪ್ಪು ಅಂದ್ಕೊಂಡು ದೂರ ಸರಿತಾರೆ. ಸಂಬಂಧ ಕೆಡೋದು ಇಲ್ಲೇ.

ಒಂದಿನ ನಾನೂ ಹೋಗಿ ಪಕ್ಕದ ಸೀಟಲ್ಲಿ ಕೂತೆ. ‘ಏನಾಯ್ತು’ ಅಂತ ಕೇಳಲಿಲ್ಲ. ‘ನನ್ನ ವಯಸ್ಸಲ್ಲಿ ನಿಮಗೆ ಏನಾಗ್ಬೇಕು ಅಂತಿತ್ತು ಅಪ್ಪಾ?’ ಅಂದೆ. ತುಂಬ ಹೊತ್ತು ಸುಮ್ಮನಿದ್ದು, ‘ಮೇಷ್ಟ್ರು’ ಅಂದ್ರು. ಆಮೇಲೆ ಮಾತು ನಿಲ್ಲಲೇ ಇಲ್ಲ.

ನಿಮ್ಮನೇಲೂ ಹೀಗಿದ್ರೆ, ತಪ್ಪು ಹುಡುಕೋ ಬದಲು ಒಂದು ಪ್ರಶ್ನೆ ಕೇಳಿ ನೋಡಿ. ನಿದ್ದೆ, ಊಟ, ಆಸಕ್ತಿ ಎರಡು ವಾರವಾದ್ರೂ ಸರಿಹೋಗದಿದ್ರೆ ಮಾತ್ರ ಅದು ಖಿನ್ನತೆಯೂ ಇರಬಹುದು. ಆಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.