ಗಾಲಿಯ ಮೇಲಿನ ಮನೆ, ಎಡದೊರೆಯ ನೀರು

ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಊರೂರು ಸುತ್ತುವ ಪದ್ಧತಿ ಅಮೆರಿಕ, ಕೆನಡಾಗಳಲ್ಲಿ ಬಹಳ ಬಳಕೆಯಲ್ಲಿದೆ. ಬೇಸಗೆ ಬಂದಿತೆಂದರೆ ಆ ದೇಶಗಳ ಮಹಾಸರೋವರಗಳ ದಂಡೆಗೆ ಇಂಥ ವಾಹನಗಳು ಸಾಲುಗಟ್ಟಿ ಹೋಗುತ್ತವೆ. ಒಳಗೆ ಹಾಸಿಗೆ, ಒಲೆ, ಬಚ್ಚಲು, ನೀರಿನ ತೊಟ್ಟಿ ಎಲ್ಲವೂ ಉಂಟು. ನಮಗೆ ಇದು ತೀರ ಹೊಸದೇನೂ ಅಲ್ಲ. ಕಮಾನು ಕಟ್ಟಿದ ಸವಾರಿ ಬಂಡಿಯಲ್ಲಿ ಬುತ್ತಿ, ಹಾಸಿಗೆ, ಮೇವು ಹೇರಿಕೊಂಡು ಜಾತ್ರೆಗೆ ಹೋಗಿ, ನಾಲ್ಕಾರು ದಿನ ಬಂಡಿಯನ್ನೇ ಮನೆಯಾಗಿಸಿಕೊಂಡು ಬರುತ್ತಿದ್ದವರು ನಮ್ಮ ಹಿರಿಯರು. ಬಂಡಿ ಬಿಡುವ ಸ್ಥಳದಲ್ಲಿ ಅವರು ಮೊದಲು ವಿಚಾರಿಸುತ್ತಿದ್ದುದು ನೀರನ್ನು.

ಹಳೆಯ ಶಿಷ್ಯರೊಬ್ಬರು ಇಂಥದೊಂದು ವಾಹನವನ್ನು ಸಿದ್ಧಪಡಿಸಿಕೊಂಡು, “ಸರ್, ಮೂರು ದಿನ ಬಿಡುವು ಮಾಡ್ಕೊಂಡು ಬರ್ರಿ” ಎಂದು ಕರೆದರು. ಸಿಂಧನೂರಿನಿಂದ ಹೊರಟು ಮಸ್ಕಿ, ಲಿಂಗಸುಗೂರುಗಳ ಮಾರ್ಗವಾಗಿ ಕೃಷ್ಣೆಯ ಬಸವಸಾಗರದವರೆಗೆ ಹೋಗಿಬಂದೆವು. ನಮ್ಮ ನಾಡಿನ ಉತ್ತರದ ಸರೋವರಗಳೆಂದರೆ ಹೊಳೆಗೆ ಕಟ್ಟೆ ಹಾಕಿ ನಿಲ್ಲಿಸಿದ ಇಂಥ ಸಾಗರಗಳೇ.

ತುಂಗಭದ್ರೆ ಕೃಷ್ಣೆಗಳ ನಡುವಣ ಈ ನೆಲವನ್ನು ಶಾಸನಗಳು ಎಡದೊರೆ ಎರಡುಸಾಸಿರವೆಂದು ಕರೆದಿವೆ. ಎಡೆಯೆಂದರೆ ನಡು, ತೊರೆಯೆಂದರೆ ಹೊಳೆ; ಸಮಾಸದಲ್ಲಿ ತಕಾರವು ದಕಾರವಾಗಿದೆ. ಹೆಸರಿನಲ್ಲಿ ಹೊಳೆಯಿದ್ದರೂ ನೆಲದಲ್ಲಿ ನೀರಿರಲಿಲ್ಲ. ಎರಡು ಹೊಳೆಗಳೂ ಅಂಚಿನಲ್ಲಿ ಹರಿದವು. ನಡುವೆ ಉಳಿದದ್ದು ಎರೆಭೂಮಿ, ಬಂಡೆಗುಡ್ಡ, ಬಿಳಿಜೋಳ, ಮತ್ತು ಮುಗಿಲು ನೋಡುವ ಒಕ್ಕಲಿಗ.

ಸಿಂಧನೂರಿನಲ್ಲಿ ಈ ಮಾತನ್ನು ನಂಬುವುದು ಇಂದು ಕಷ್ಟ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ಈ ಸೀಮೆಯನ್ನು ಭತ್ತದ ಕಣಜವಾಗಿಸಿದೆ. ನೀರಿನ ಹಿಂದೆ ಜನವೂ ಬಂದರು. ಆಂಧ್ರದಿಂದ ಬಂದ ಬೇಸಾಯಗಾರರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳು ಇಲ್ಲಿಯೇ ಬೇರೂರಿ ಊರುಗಳಾಗಿವೆ. ಆದರೆ ಈ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು ಹೆಚ್ಚಾಗಿ ಜೋಳ, ಹತ್ತಿಯಂಥ ಅಲ್ಪ ನೀರಿನ ಬೆಳೆಗಳು. ಮೇಲುಭಾಗದಲ್ಲಿ ಭತ್ತ ನಿಂತಿತು. ಕೊನೆಯ ಭಾಗದ ರೈತನ ಹೊಲಕ್ಕೆ ನೀರು ತಲುಪುವುದು ವರ್ಷವರ್ಷದ ಹೋರಾಟವಾಯಿತು. ಜಲಾಶಯವೂ ಮೊದಲಿನಂತಿಲ್ಲ. 133 ಟಿಎಂಸಿ ಹಿಡಿಯಬೇಕಾಗಿದ್ದ ಒಡಲು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಈ ಕಡೆಯ ಎಷ್ಟು ಮನೆಗಳಲ್ಲಿ ನಿದ್ದೆ ಹತ್ತಿರಲಿಕ್ಕಿಲ್ಲವೆಂಬುದನ್ನು ಕೇಳುಗರು ಊಹಿಸಬಹುದು.

ಸಿಂಧನೂರಿನಲ್ಲಿ ನಮ್ಮ ವಾಹನದ ತೊಟ್ಟಿಯನ್ನು ಯಾರೂ ಪ್ರಶ್ನಿಸದೆ ತುಂಬಿಸಿಕೊಟ್ಟರು. ಎರಡನೆಯ ದಿನ ಮಸ್ಕಿಯ ಕಡೆಯ ಒಂದು ಹಳ್ಳಿಯಲ್ಲಿ ನಿಂತು, ಮನೆಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳನ್ನು ನೀರು ಕೇಳಿದೆವು. ಅವಳು ಮೊದಲು ನನ್ನನ್ನೂ ಆಮೇಲೆ ವಾಹನವನ್ನೂ ನೋಡಿ, “ಕುಡ್ಯಾಕ ಎಷ್ಟು ಬೇಕಾದ್ರೂ ಕುಡೀರಿ ಯಪ್ಪಾ. ಗಾಡಿಗಿ ಮಾತ್ರ ಕೇಳಬ್ಯಾಡ್ರಿ” ಎಂದಳು. ತಂಬಿಗೆ ತುಂಬ ನೀರು ಕೊಟ್ಟಳು. ಆ ನೀರನ್ನು ಕುಡಿಯುವಾಗ ನನಗೆ ನಾಚಿಕೆಯಾಯಿತು. ನಮ್ಮ ತೊಟ್ಟಿಯಲ್ಲಿ ಅರ್ಧ ನೀರು ಇನ್ನೂ ಉಳಿದಿತ್ತು.

ಇದೇ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕುಳಿತರು. ದಕ್ಷಿಣಕ್ಕೆ ತುಂಗಭದ್ರೆಯ ಕಾಲುವೆ, ಉತ್ತರಕ್ಕೆ ಕೃಷ್ಣೆಯ ಕಾಲುವೆ ಇದ್ದೂ ತಮ್ಮ ಹೊಲ ಒಣಗಿರುವುದನ್ನು ಕಂಡವರ ಕೇಳಿಕೆ ಅದು.

ಮೂರನೆಯ ದಿನ ಲಿಂಗಸುಗೂರನ್ನು ಹಾದೆವು. ನಿಜಾಮರ ಆಡಳಿತದಲ್ಲಿ 1905ರವರೆಗೆ ಇದು ಒಂದು ಜಿಲ್ಲೆಯ ಹೆಸರಾಗಿತ್ತು. ಮುಂದೆ ಸಿಕ್ಕುವ ಬಸವಸಾಗರದ ಕಟ್ಟೆಯ ಉದ್ದ ಹತ್ತು ಕಿಲೋಮೀಟರಿಗೂ ಮಿಗಿಲು. ಸಂಜೆಯ ಹೊತ್ತು ಆ ನೀರು ಕಣ್ಣಿಗೆ ಸಮುದ್ರವೇ. ಅದೇ ನೀರನ್ನು ಮಳೆಗಾಲದಲ್ಲಿ ಬಿಟ್ಟಾಗ ಕೆಳಗೆ ಶೀಲಹಳ್ಳಿಯ ಸೇತುವೆ ಮುಳುಗಿ, ನಡುಗಡ್ಡೆಯ ಜನರಿಗೆ ದಾರಿಯೇ ಇಲ್ಲದಾಗುತ್ತದೆ. ಒಂದೇ ಜಿಲ್ಲೆಯ ನೆರೆಹೊರೆಯಲ್ಲಿ ಒಬ್ಬರಿಗೆ ನೀರು ಇಲ್ಲದ ಕಷ್ಟ, ಇನ್ನೊಬ್ಬರಿಗೆ ನೀರಿನದೇ ಕಷ್ಟ.

ಹಿಂದಿರುಗುವಾಗ ಮಸ್ಕಿಯ ದುರ್ಗದ ಗುಡ್ಡದ ಬಳಿ ವಾಹನ ನಿಲ್ಲಿಸಿದೆವು. ಚಿನ್ನದ ಗಣಿಯ ಎಂಜಿನಿಯರು ಬೀಡನ್ ಎಂಬವರು 1915ರಲ್ಲಿ ಇಲ್ಲಿಯ ಬಂಡೆಯ ಮೇಲೆ ಶಾಸನವನ್ನು ಕಂಡರು. ದೇವಾನಾಂಪ್ರಿಯನೆಂಬ ಬಿರುದಿನೊಂದಿಗೆ ಅಶೋಕನ ಹೆಸರು ಮೊದಲು ದೊರೆತದ್ದು ಇದರಲ್ಲಿ. ಧರ್ಮನಿಷ್ಠೆಯ ಫಲವು ದೊಡ್ಡವರ ಸೊತ್ತಲ್ಲ, ಸಣ್ಣವನಿಗೂ ಅದು ದೊರೆಯಬಲ್ಲದು, ಇಬ್ಬರಿಗೂ ಈ ಮಾತನ್ನು ತಿಳಿಸಬೇಕು ಎಂಬುದು ಅದರ ಸಾರ. ಈ ಶಾಸನದಲ್ಲಿ ಅಶೋಕನು ನೀರಿನ ಮಾತು ಆಡಿರಲಿಲ್ಲ. ಆದರೂ ಆ ಸಾಲುಗಳನ್ನು ನೋಡುತ್ತ ನಿಂತಾಗ ಕಾಲುವೆಯ ಕೊನೆಯ ರೈತನೂ ಕೊಡಗಳ ಮುಂದೆ ಕುಳಿತ ಆ ಮುದುಕಿಯೂ ನೆನಪಾದರು.

ಗಾಲಿಯ ಮನೆಗಳು ನಮ್ಮ ದಾರಿಗಳಲ್ಲಿಯೂ ಬರಲಿ. ನಾಡನ್ನು ನಿಧಾನವಾಗಿ ನೋಡುವುದು ಒಳ್ಳೆಯದೇ. ಆದರೆ ಹೊರಡುವವರು ತೊಟ್ಟಿ ತುಂಬಿಸಿಕೊಳ್ಳುವುದಕ್ಕೆ ಮೊದಲು ಆ ಊರಿನ ಕೊಡಗಳು ತುಂಬಿವೆಯೇ ಎಂದು ಒಮ್ಮೆ ಕೇಳಲಿ.