ನವಸಾರಿಯಲ್ಲಿ ನಿಂತ ದಂಡು, ಬಂದರಿಗೆ ಬಂದ ಹಡಗು

ಮಂಗಳೂರಿನ ಜೆಪ್ಪುವಿನಿಂದ ಹಳೆ ಬಂದರು ಬಹಳ ದೂರವೇನಲ್ಲ. ಅಲ್ಲಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ಕೆತ್ತನೆಯ ಮರದ ಕಂಬಗಳಿಗೆ ಹೆಸರುವಾಸಿ. ಅದು 7ನೇ ಶತಮಾನದಲ್ಲಿ ಮಲಿಕ್ ದೀನಾರರ ಬಳಗ ಕಟ್ಟಿದ್ದು ಎನ್ನುವುದು ಇಲ್ಲಿನವರ ನಂಬಿಕೆ. ಕರಾವಳಿಗೆ ಅರಬರು ಬಂದದ್ದು ವ್ಯಾಪಾರಕ್ಕೆ. ಆದರೆ ಮುಂದಿನ ಶತಮಾನದಲ್ಲಿ ಉತ್ತರದ ನೆಲದ ದಾರಿಯಲ್ಲಿ ಅವರ ದಂಡೂ ದಕ್ಷಿಣದತ್ತ ಹೊರಟಿತ್ತು. ಅದನ್ನು ತಡೆದವರು ಕನ್ನಡದ ಅರಸು ಮನೆತನದವರು.

712ರಲ್ಲಿ ಉಮಯ್ಯದ್ ಖಲೀಫರ ಸೇನಾನಿ ಮುಹಮ್ಮದ್ ಬಿನ್ ಕಾಸಿಮ್ ಸಿಂಧದ ದೊರೆ ದಾಹಿರನನ್ನು ಸೋಲಿಸಿದ. ಮುಂದೆ ಸಿಂಧದ ಅಧಿಪತಿಯಾದ ಜುನೈದ್ ಗುಜರಾತ್, ಮಾಳವಗಳತ್ತ ದಂಡು ಕಳುಹಿಸಿದ. ಕಚ್ಛ, ಸೌರಾಷ್ಟ್ರ, ಗುರ್ಜರ ನಾಡುಗಳನ್ನು ತುಳಿದ ಅರಬ್ ಸೇನೆ 738-39ರ ಹೊತ್ತಿಗೆ ದಕ್ಷಿಣ ಗುಜರಾತಿನ ನವಸಾರಿಗೆ ಬಂತು. ಅಲ್ಲಿ ಆಳುತ್ತಿದ್ದವನು ಬಾದಾಮಿ ಚಾಲುಕ್ಯರ ಶಾಖೆಯ ಅವನಿಜನಾಶ್ರಯ ಪುಲಕೇಶಿ.

739ರ ನವಸಾರಿ ತಾಮ್ರಪಟದಲ್ಲಿ ಆ ಕಾಳಗದ ವರ್ಣನೆಯಿದೆ. ದಕ್ಷಿಣಾಪಥವನ್ನು ಹೊಗಲು ಬಂದ ‘ತಾಜಿಕ’ ಅಂದರೆ ಅರಬ್ ಸೇನೆ ಮೊದಲ ಮೆಟ್ಟಿಲಲ್ಲೇ ಸೋತಿತು. ಮೆಚ್ಚಿದ ಚಕ್ರವರ್ತಿ ಇಮ್ಮಡಿ ವಿಕ್ರಮಾದಿತ್ಯ ಪುಲಕೇಶಿಗೆ ‘ದಕ್ಷಿಣಾಪಥದ ಕಂಬ’, ‘ಹಿಮ್ಮೆಟ್ಟದವರನ್ನು ಹಿಮ್ಮೆಟ್ಟಿಸಿದವನು’ ಎಂಬ ಅರ್ಥದ ಬಿರುದುಗಳನ್ನು ಕೊಟ್ಟ. ಈ ಚಾಲುಕ್ಯ ಮನೆತನಕ್ಕೂ ತುಳುನಾಡಿಗೂ ನಂಟಿತ್ತು. ಅಳುಪ ದೊರೆ ಚಿತ್ರವಾಹನ ಚಾಲುಕ್ಯರ ಮಗಳು ಕುಂಕುಮಾದೇವಿಯನ್ನು ವರಿಸಿದ್ದ. ಅವಳು ಪುಲಿಗೆರೆಯಲ್ಲಿ ಬಸದಿ ಕಟ್ಟಿಸಿದ್ದನ್ನು 707ರ ಶಿಗ್ಗಾವಿ ಶಾಸನ ಹೇಳುತ್ತದೆ.

ಯುದ್ಧ ಮುಗಿಯಿತು, ವ್ಯಾಪಾರ ನಿಲ್ಲಲಿಲ್ಲ. ಚಾಲುಕ್ಯರ ನಂತರ ಬಂದ ರಾಷ್ಟ್ರಕೂಟರು ಅರಬ್ ವರ್ತಕರಿಗೆ ಬಾಗಿಲು ತೆರೆದರು. 851ರ ಅರಬ್ ಬರಹವೊಂದು ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಕೊಂಡಾಡಿದೆ. 926ರ ಚಿಂಚಣಿ ತಾಮ್ರಪಟ ಇನ್ನೂ ಸ್ವಾರಸ್ಯದ್ದು. ಮುಮ್ಮಡಿ ಇಂದ್ರನ ಕಾಲದಲ್ಲಿ ಸಂಜಾನ್ ಪ್ರಾಂತ್ಯವನ್ನು ಆಳುತ್ತಿದ್ದವನು ಸುಗತಿಪನೆಂದು ಹೆಸರಾದ ಮುಹಮ್ಮದ್ ಎಂಬ ತಾಜಿಕ. ಅವನು ಹೊಳೆ ದಾಟಲು ಪುಕ್ಕಟೆ ದೋಣಿ ಇಡಿಸಿದ, ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರ ನಡೆಸಿದ. ದೇವಿಯ ಮಠವೊಂದಕ್ಕೆ ಭೂಮಿ ಬಿಟ್ಟುಕೊಡಲು ಅವನ ಒಪ್ಪಿಗೆಯೂ ಇತ್ತು.

ಮಂಗಳೂರಿನಲ್ಲೂ ಇಂಥ ವ್ಯಾಪಾರ ಮುಂದುವರಿಯಿತು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಪಾರಸ ಮತ್ತು ಯೆಮನ್‌ನ ವರ್ತಕರನ್ನೂ, ಹೇರಳವಾಗಿ ಸಿಗುವ ಮೆಣಸು, ಶುಂಠಿಯನ್ನೂ ಕಂಡು ಬರೆದಿದ್ದಾನೆ.

ದಂಡೆತ್ತಿ ಬಂದವರನ್ನು ತಡೆದದ್ದೂ ಕನ್ನಡ ಅರಸರೇ, ಸರಕು ಹೊತ್ತು ಬಂದವರನ್ನು ಕೂರಿಸಿ ಸತ್ಕರಿಸಿದ್ದೂ ಅವರೇ. 739ರ ಶಾಸನವನ್ನಷ್ಟೇ ಓದಿ 926ರದನ್ನು ಬಿಟ್ಟರೆ, ಅಥವಾ 926ರದನ್ನು ಮಾತ್ರ ಹೇಳಿ 739ರದನ್ನು ಮುಚ್ಚಿಟ್ಟರೆ, ಚರಿತ್ರೆಗೆ ದ್ರೋಹವಾಗುತ್ತದೆ. ನಮ್ಮ ಮಕ್ಕಳಿಗೆ ಎರಡನ್ನೂ ಓದಿಸೋಣ.